ಬಸ್ರಾದ ಹಿರಿಯರೂ ನಮ್ಮ ನಾನಾನೂ

ನಾವು ಚಿಕ್ಕವರಿದ್ದಾಗ ರಂಜಾನ್ ಚಳಿಗಾಲದಲ್ಲಿ ಬರುತ್ತಿತ್ತು. ವಿಲಾಯತಿಯ ಇಲ್ಫರ್ಡ್‌ನಲ್ಲಿದ್ದ ನಮ್ಮಂಥ ಮಕ್ಕಳಿಗೆ ಅದಕ್ಕಿಂತ ದೊಡ್ಡ ಅದೃಷ್ಟವಿರಲಿಲ್ಲ. ಶಾಲೆಯಿಂದ ಬಂದು ಕೋಟು ಕಳಚುವಷ್ಟರಲ್ಲಿ ಕತ್ತಲಾಗಿ, ಉಪವಾಸ ಬಿಡುವ ಹೊತ್ತಾಗಿರುತ್ತಿತ್ತು. ಅಮ್ಮಿ ಕರಿಯುತ್ತಿದ್ದ ಮೆಣಸಿನಕಾಯಿ ಭಜಿಯ ವಾಸನೆ ಬಾಗಿಲಲ್ಲೇ ಎದುರಾಗುತ್ತಿತ್ತು. ಅಮ್ಮಿಯ ತಂದೆ, ನಮ್ಮ ನಾನಾ, ಒಂದು ವರ್ಷ ಧಾರವಾಡದಿಂದ ಬಂದು ಇಡೀ ಚಳಿಗಾಲ ನಮ್ಮೊಡನಿದ್ದರು.

ಖರ್ಜೂರದ ಬೀಜ ತೆಗೆಯುತ್ತ ನಾನಾ ಹದೀಸ್ ಹೇಳಿದವರ ಕತೆ ಹೇಳುತ್ತಿದ್ದರು. ಪ್ರವಾದಿಯ ಮಾತನ್ನು ಒಬ್ಬರಿಂದೊಬ್ಬರು ಕೇಳಿ ದಾಟಿಸಿದವರನ್ನು ಹಳೆಯ ಪಂಡಿತರು ಜರಡಿ ಹಿಡಿಯುತ್ತಿದ್ದರಂತೆ. ಈತ ಸುಳ್ಳುಗಾರನೇ? ನೆನಪು ಗಟ್ಟಿಯೇ? ಯಾರಿಂದ ಕೇಳಿದೆ ಅನ್ನುತ್ತಾನೋ ಅವರನ್ನು ನಿಜಕ್ಕೂ ಕಂಡಿದ್ದನೇ? ನನಗೂ ತಮ್ಮ ಇಮ್ರಾನನಿಗೂ ಅದೇ ಆಟವಾಯಿತು. ನಾಳೆ ಹಿಮ ಬೀಳುತ್ತೆ, ಶಾಲೆಗೆ ರಜೆ ಎಂದು ಅವನು ಕುಣಿದರೆ ನಾನು ಸೊಂಟಕ್ಕೆ ಕೈಯಿಟ್ಟು, “ಯಾರ್ ಹೇಳಿದ್ರು? ಅವರಿಗೆ ಯಾರ್ ಹೇಳಿದ್ರು?” ಎನ್ನುತ್ತಿದ್ದೆ. ಎರಡನೇ ಪ್ರಶ್ನೆಗೇ ರಜೆ ಕರಗಿಹೋಗುತ್ತಿತ್ತು.

ನಮಗೆ ಬಲು ಇಷ್ಟವಾದವರು ಬಸ್ರಾ ಊರಿನ ಒಬ್ಬ ಹಿರಿಯರು. ನಂಬಿಕಸ್ಥರೆಂದು ಹೆಸರಾದವರು. ಮುಪ್ಪಿನಲ್ಲಿ ಅವರ ನೆನಪು ಕಲಸಿಹೋದಾಗ, ಹದೀಸ್ ಕೇಳಲು ಬಂದವರನ್ನು ಸ್ವಂತ ಮಕ್ಕಳೇ ಒಳಗೆ ಬಿಡಲಿಲ್ಲವಂತೆ.

“ಪಾಪ! ದಟ್ಸ್ ಕ್ರೂಯೆಲ್, ನಾನಾ,” ಎಂದ ಇಮ್ರಾನ್.

“ಪ್ರೀತಿಯೋ ಹುಚ್ಚಪ್ಪ ಅದು! ಮುಪ್ಪಿನ ತಪ್ಪು ಒಂದೂ ಅವರ ಹೆಸರಿಗೆ ಅಂಟಲಿಲ್ಲ. ನಾ ತಪ್ಪಿದ್ರೂ ನೀವು ತಡೀಬೇಕು ಮತ್ತ.”

ಈದ್ ದಿನ ಮನೆ ತುಂಬ ಜನ. ಸುರಕುಂಬಾ ಪಾಯಸದ ಬಟ್ಟಲು ಹಿಡಿದು ನಾನಾ ಅದೇ ಕತೆ ತೆಗೆದರು. “ಕೂಫಾದಾಗ ಒಬ್ಬರು ಹಿರಿಯರಿದ್ರು...”

“ನಾನಾ, ಬಸ್ರಾ!” ನಾನು ಕೂಗಿಬಿಟ್ಟೆ.

ಅಮ್ಮಿ ಕಣ್ಣಲ್ಲೇ ನನ್ನನ್ನು ಹುರಿದು ತಿಂದರು. ಇಷ್ಟು ಜನರೆದುರು ನಾನಾನ ಮಾನ ಕಳೆದೆನಲ್ಲ ಎಂದು ನನಗೆ ಅಳುವೇ ಬಂತು. ನಾನಾ ಮಾತ್ರ ಹಣೆ ಚಚ್ಚಿಕೊಂಡು ಹೊಟ್ಟೆ ಕುಲುಕುವಂತೆ ನಕ್ಕರು.

“ಖರೇ ಐತಿ! ಬಸ್ರಾನ! ಇನ್ನ ಇಕಿ ಬಾಯಿಂದನ ಕೇಳ್ರಿ, ಇಕಿ ನೆನಪು ಗಟ್ಟಿ ಐತಿ.”

ತಮ್ಮ ಕುರ್ಚಿಯಲ್ಲಿ ನನ್ನನ್ನು ಕೂರಿಸಿ ತಾವು ಜಮಖಾನದ ಮೇಲೆ ಕುಳಿತರು. ನೆಲ ಮುಟ್ಟದ ಕಾಲು ಆಡಿಸುತ್ತ ನಾನು ಇಡೀ ಕತೆ ಹೇಳಿದೆ. ಅಷ್ಟು ಹಿಗ್ಗು ಆಮೇಲೆ ಯಾವ ಪರೀಕ್ಷೆ ಗೆದ್ದಾಗಲೂ ಆಗಲಿಲ್ಲ.

ನಾನಾ ಈಗಿಲ್ಲ. ಆ ಕತೆಯನ್ನು ನಾನು ನನ್ನ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಮೊನ್ನೆ ಬೇಕೆಂದೇ ಬಸ್ರಾ ಬದಲು ಕೂಫಾ ಎಂದೆ. “ಓಕೆ, ಮಮ್,” ಎಂದು ಇಬ್ಬರೂ ತಲೆಯಾಡಿಸಿದರು. ಯಾರಾದರೂ ತಡೆಯಲಿ ಎಂದು ನಾನು ಸ್ವಲ್ಪ ಹೊತ್ತು ಕಾದೆ.