ವತ್ಸಲಾಳ ಕಂದು ಬೂಷ್ಟು

ವತ್ಸಲಾ ೧೯೯೮ರ ನವೆಂಬರಿನಲ್ಲಿ ಆಮ್ಸ್ಟರ್‌ಡ್ಯಾಮಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಳು. ರಕ್ತದ ಕ್ಯಾನ್ಸರ್. ಮೂವತ್ತಮೂರು ವರ್ಷ.

ಮೈಸೂರಿನಿಂದ ಸಂಶೋಧನೆಗೆಂದು ಬಂದವಳು. ಬೈಟನ್‌ವೆಲ್ಡರ್ಟ್ ಬಡಾವಣೆಯ ಕೋಣೆಯಿಂದ ಗಾಳಿಗೆದುರಾಗಿ ಸೈಕಲ್ ತುಳಿದು ಲ್ಯಾಬಿಗೆ ಹೋಗಿಬರುತ್ತಿದ್ದಳು. ಅಲ್ಲಿ ಅವಳು ಸಾಕುತ್ತಿದ್ದದ್ದು ಎರ್ಗಾಟ್ ಎಂಬ ಬೂಷ್ಟು. ರೈ ಎಂಬ ಧಾನ್ಯದ ತೆನೆಗೆ ಹತ್ತಿದರೆ ವಿಷ. ಅದರಲ್ಲಿನ ಆಲ್ಕಲಾಯ್ಡ್ ಎಂಬ ಸತ್ವವನ್ನು ಹದವರಿತು ತೆಗೆದರೆ ಬಾಣಂತಿಯ ರಕ್ತಸ್ರಾವ ನಿಲ್ಲಿಸುವ ಮದ್ದು. ಆಲ್ಕಲಾಯ್ಡ್ ಕಟ್ಟುವ ಕಿಣ್ವ ಯಾವಾಗ ಚುರುಕಾಗುತ್ತದೆ, ಯಾವಾಗ ಸುಮ್ಮನಾಗುತ್ತದೆ ಎಂಬುದು ಅವಳ ಪ್ರಶ್ನೆ. ಎಷ್ಟೋ ತಳಿಗಳು ಕೈಕೊಟ್ಟ ಮೇಲೆ ಒಂದು ಸಿಕ್ಕಿತ್ತು. ಕಂದು ಬಣ್ಣ, ಮುದುಡಿದ ಅಂಚು, ಬೆಳೆಯಲು ಮಹಾ ಸೋಮಾರಿ. ಆದರೆ ಅದರ ರಸಕ್ಕೆ ಪರೀಕ್ಷೆಯ ದ್ರಾವಣ ಹನಿಸಿದರೆ ಗಾಢ ನೀಲಿ, ಆಲ್ಕಲಾಯ್ಡ್ ತುಂಬಿರುವ ಗುರುತು. ಇನ್ನೊಂದು ಸುತ್ತಿನ ಅಳತೆ ಮುಗಿದರೆ ಪ್ರಬಂಧ ಮುಗಿದಂತೆ.

ಆಗಲೇ ಕಾಯಿಲೆ ಬಂತು. ಬೂಷ್ಟಿನ ಹತ್ತಿರ ಸುಳಿಯಕೂಡದು ಎಂದರು ವೈದ್ಯರು. ಫ್ರೀಜರಿನಲ್ಲಿಟ್ಟ ಪ್ರತಿಗಳು ಮತ್ತೆ ಚಿಗುರಿರಲಿಲ್ಲ; ಬೂಷ್ಟು ಬೆಳೆಸುವ ತಟ್ಟೆಯಿಂದ ಹೊಸ ತಟ್ಟೆಗೆ ಚೂರು ದಾಟಿಸುತ್ತಲೇ ತಳಿಯನ್ನು ಉಳಿಸಿಕೊಳ್ಳಬೇಕಿತ್ತು. ಪಕ್ಕದ ಮೇಜಿನಲ್ಲಿ ಯೀಸ್ಟ್ ಸಾಕುತ್ತಿದ್ದ ಧಾರವಾಡದ ಸೋಮಶೇಖರ ತಾನಾಗಿಯೇ ಆ ಹೊಣೆ ಹೊತ್ತ.

ಅವಳಿಗೆ ಜ್ವರ ಏರಿ ಪ್ರಜ್ಞೆ ತಪ್ಪುವ ಮುಂಚಿನ ಮಧ್ಯಾಹ್ನ ಅವನು ಬಂದ. ಸೋಂಕು ತಗಲದಂತೆ ಅವಳನ್ನಿರಿಸಿದ್ದ ಕೋಣೆಯ ಗಾಜಿನಾಚೆ ನಿಂತು, ಮುಚ್ಚಿದ ತಟ್ಟೆಯನ್ನು ಗಾಜಿಗೆ ಒತ್ತಿ ಹಿಡಿದು, ಫೋನೆತ್ತಿದ.

"ನೋಡ್ರಿ ವತ್ಸಲಕ್ಕ, ಹತ್ತಿ ಅರಳಿದಂಗ ಅರಳ್ಯದ!"

ತಟ್ಟೆ ತುಂಬ ಬೆಳ್ಳಗೆ ಉಬ್ಬಿಕೊಂಡಿತ್ತು.

"ಕಂದು ಇದ್ವಲ್ಲ, ಅವೆಲ್ಲಿ ಸೋಮು?"

"ಆ ಹೊತ್ತಿದ ರೊಟ್ಟಿಯಂಥಾವು? ಎಲ್ಲಾ ಕುದಿಸಿ ಒಗದೆ. ಪ್ರತಿ ಸಲ ಚಲೋ ಬೆಳದದ್ದನ್ನ ಆರಿಸಿ ದಾಟಿಸೀನಿ. ನಿಮ್ಮಂಗ ಅವನ್ನ ಉಪವಾಸ ಕೆಡವಂಗಿಲ್ರಿ ನಾ!"

ಯೀಸ್ಟಿನವರಿಗೆ ಅದೇ ಸರಿಯಾದ ಕ್ರಮ. ಈ ಬೂಷ್ಟು ಮಾತ್ರ ಆಲ್ಕಲಾಯ್ಡ್ ಮಾಡುವುದನ್ನು ಬಿಟ್ಟಾಗಲೇ ಹೀಗೆ ಸೊಂಪಾಗಿ ಬೆಳೆಯುವುದು. ಅದನ್ನು ಅವನಿಗೆ ಹೇಳಿಡಬೇಕೆಂದು ಅವಳಿಗೂ ಹೊಳೆದಿರಲಿಲ್ಲ.

"ನೀಲಿ ಬಂತಾ?"

"ಇಲ್ಲ... ದ್ರಾವಣ ಹಳೇದಾಗಿರಬೇಕ್ರಿ."

"ಇರ್ಬೇಕು," ಎಂದಳು. ತಳಿ ಹೋಯಿತೆಂದು ಅವಳಿಗೆ ಗೊತ್ತಾಗಿತ್ತು. "ತಟ್ಟೆ ಸ್ವಲ್ಪ ತಿರುಗಿಸು. ಇನ್ನೂ ಸ್ವಲ್ಪ."

ಅಂಚಿನಲ್ಲೊಂದು ಮಬ್ಬು ಕಂಡಿತು. ಕಂದು ಬಣ್ಣವೋ ಅವನ ಹೆಬ್ಬೆರಳಿನ ನೆರಳೋ ತಿಳಿಯಲಿಲ್ಲ. ಅವಳು ಗಾಜಿನ ಮೇಲೆ, ಸರಿಯಾಗಿ ಅದರೆದುರಿಗೆ ಬೆರಳಿಟ್ಟು, "ಇದನ್ನ ದಾಟಿಸು," ಎಂದಳು. ಅವನು ಜೇಬಿನಿಂದ ಪೆನ್ನು ತೆಗೆದು ತಟ್ಟೆಯ ಮೇಲೆ ಗುರುತು ಹಾಕುವವರೆಗೂ ಬೆರಳನ್ನು ತೆಗೆಯಲಿಲ್ಲ.