ಸೊಂಟದ ಯಂತ್ರ, ನೆಂಟರ ಒಲೆ

ಮದುವೆಯಾಗಿ ಕೊಯಮತ್ತೂರಿನಿಂದ ಧಾರಾಪುರಂ ಪಕ್ಕದ, ಕನ್ನಡವಾಡುವ ನಮ್ಮವರ ತೋಟದ ಮನೆಗೆ ಬಂದ ಮೇಲೆ ನನಗೆ ಕೆಮ್ಮು ಹತ್ತಿಕೊಂಡಿತು. ಎಂಬತ್ತರ ದಶಕದ ನಡುವಿನ ಮಾತು. ವಾರಗಟ್ಟಲೆ ಕೆಮ್ಮಿದರೆ ಆ ಕಡೆ ಅದಕ್ಕೆ ಒಂದೇ ಹೆಸರು, ಕ್ಷಯ. ಅತ್ತೆ ಜಗಳವಾಡುವ ಹೆಂಗಸಲ್ಲ. ಮಾತಿಲ್ಲದೆ ನನ್ನ ಲೋಟ ಬೇರೆ ಇಟ್ಟರು, ಮೊಲೆ ಬಿಡದ ಮಗಳನ್ನು ತಮ್ಮ ಮಗ್ಗುಲಿಗೆ ಹಾಕಿಕೊಂಡರು. ಅಡುಗೆ ಮಾತ್ರ ನನ್ನದೇ. ಕ್ಷಯದವಳ ಕೈ ಅಡುಗೆ ಆಗುತ್ತದೆ, ಮಡಿಲು ಆಗದು; ಅದು ಯಾವ ನ್ಯಾಯವೋ.

ಆಗ ಕೊಯಮತ್ತೂರಿನಿಂದ ಒಬ್ಬ ಡಾಕ್ಟರಮ್ಮ ಬಂದರು. ಅಡುಗೆಮನೆಯ ಹೊಗೆ ಹೆಂಗಸರ ಎದೆಗೆ ಏನು ಮಾಡುತ್ತದೆಂದು ಊರೂರು ಸುತ್ತಿ ನೋಡುತ್ತಿದ್ದರು. ನನ್ನ ಸೊಂಟಕ್ಕೆ ಗುಂಯ್‌ಗುಡುವ ಪೆಟ್ಟಿಗೆಯೊಂದನ್ನು ಕಟ್ಟಿ, ಅದರ ಕೊಳವೆಯನ್ನು ಹೆಗಲ ಮೇಲಿಂದ ತಂದು ಕತ್ತಿನ ಹತ್ತಿರ ಪಿನ್ನು ಹಾಕಿದರು. ಕೊಳವೆಯ ತುದಿಯಲ್ಲೊಂದು ಬಿಳಿ ಕಾಗದ. ನಾನು ಉಸಿರಾಡುವ ಗಾಳಿಯ ಕೊಳೆಯೆಲ್ಲ ಅದರ ಮೇಲೆ ಕೂರುತ್ತದಂತೆ. ಕಫವನ್ನೂ ಪರೀಕ್ಷೆಗೆ ತೆಗೆದುಕೊಂಡರು. ಒಳ್ಳೇ ಬಸ್ ಕಂಡಕ್ಟರ್ ಹಾಗಿದ್ದೀಯ, ಕೊಯಮತ್ತೂರಿನ ಉಕ್ಕಡಂ ಬಸ್‌ಸ್ಟ್ಯಾಂಡಿಗೆ ಒಂದು ಟಿಕೆಟ್ ಕೊಡು ಎಂದು ಗಂಡ ರೇಗಿಸಿದರು. ನನಗೆ ನಗು ಬರಲಿಲ್ಲ. ಕ್ಷಯವೆಂದಾದರೆ ನಾನು ತವರಿಗೆ ಹೋಗುವುದು, ಮಗು ಇಲ್ಲೇ ಇರುವುದು ಎಂದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು.

ಡಾಕ್ಟರಮ್ಮ ಬೇರೆ ಮನೆಗೆ ಹೊರಟದ್ದೇ ತಡ, ಅತ್ತೆ ಹತ್ತಿಕಟ್ಟಿಗೆಯನ್ನೆಲ್ಲ ಹಿತ್ತಿಲಿಗೆ ಸಾಗಿಸಿ, ನೆಂಟರು ಬಂದಾಗಷ್ಟೇ ಹಚ್ಚುವ ಸೀಮೆಎಣ್ಣೆ ಸ್ಟವ್ವನ್ನು ಅಟ್ಟದಿಂದ ಇಳಿಸಿದರು.

"ಬಂದೋರ್ ಮುಂದೆ ಪೊಗೆ ಆಕ್ಕೊಂಡು ಕೂತ್ರೆ ನಮ್ ಮರ್ಯಾದಿ ಏನಾಗ್ಬೇಕು?"

ಸಂಜೆ ಕಾಗದ ಬೆಳ್ಳಗೇ ಇತ್ತು. ಹಾಗಾದರೆ ಈ ಕೆಮ್ಮು ಹೊಗೆಯದಲ್ಲವೇನೋ ಎಂದು ಡಾಕ್ಟರಮ್ಮ ತಮಿಳಿನಲ್ಲಿ ತಮ್ಮಷ್ಟಕ್ಕೇ ಅಂದರು. ಹೊಗೆಯದಲ್ಲವೆಂದರೆ ಕ್ಷಯವೇ ಎಂದಾಯಿತು. ಸೊಸೆಯೆಂಬ ಸಂಕೋಚ ಎಲ್ಲಿ ಹೋಯಿತೋ, ಇದು ನೆಂಟರ ಒಲೆ, ನಾನು ದಿನಾ ಊದುವ ಒಲೆ ಬೇರೆ ಎಂದು ಅತ್ತೆಯ ಎದುರಿಗೇ ಹೇಳಿಬಿಟ್ಟೆ. ಅತ್ತೆ ಮುಖ ದಪ್ಪ ಮಾಡಿಕೊಂಡರು. ಡಾಕ್ಟರಮ್ಮ ನಕ್ಕು, ನಾಳೆ ಎಂದಿನಂತೆ ಬೇಯಿಸು ಎಂದು ಹೊಸ ಕಾಗದ ಹಾಕಿದರು.

ಮರುದಿನ ಕಟ್ಟಿಗೆ ಊದಿ ಊದಿ ಕಣ್ಣು ಕೆಂಪಾಯಿತು, ಕಾಗದ ಹಂಚಿನ ತಳದಂತೆ ಕಪ್ಪಾಯಿತು. ಮಸಿ ಕಂಡು ಅಷ್ಟು ಸಂತೋಷಪಟ್ಟವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಆದರೂ ಕಫದ ಫಲಿತಾಂಶ ಬರುವವರೆಗೆ ಜೀವ ಕೈಯಲ್ಲಿ ಹಿಡಿದಿದ್ದೆ. ಕೊನೆಗೆ ಡಾಕ್ಟರಮ್ಮನೇ ಬಂದು, ಕ್ಷಯವಿಲ್ಲ, ಮೊದಲು ಆ ಅಡುಗೆಮನೆಗೊಂದು ಕಿಟಕಿ ಇಡಿಸಿ ಎಂದರು. ಅಬ್ಬಾ, ಅವರ ಕಾಲು ಹಿಡಿಯೋಣವೆನ್ನಿಸಿತು.

ಅವರು ಹೋದ ಮೇಲೆ ಅತ್ತೆ ಮಗಳನ್ನು ತಂದು ನನ್ನ ಮಡಿಲಿಗೆ ಹಾಕಿದರು. ಎದ್ದು ಹೋಗಲಿಲ್ಲ, ಪಕ್ಕದಲ್ಲೇ ಕುಳಿತರು.

"ಈ ಮನೆಗೆ ಬಂದಾಗಿಂದ ನಾನೂ ಕೆಮ್ತಾನೇ ಇವ್ನಿ," ಎಂದರು. "ನನ್ ಮಕ್ಳುನ್ನೂ ನಮ್ಮತ್ತೆ ಇಂಗೇ ತಕ್ಕೊಂಡ್ಬುಟ್ರು. ಆವಾಗ ಯಾರೂ ಮಿಷಿನ್ ತರ್ನಿಲ್ಲ."

ಮಗಳು ಬಾಯಿಟ್ಟಳು, ಹಾಲು ಇನ್ನೂ ಬತ್ತಿರಲಿಲ್ಲ. ಅತ್ತೆ ನೋಡುತ್ತಲೇ ಕುಳಿತಿದ್ದರು.