ಅಮ್ಮ ಒಪ್ಪಿದ್ದ ಫೋಟೋ

ಅಪ್ಪ ಮೇಷ್ಟ್ರ ಕೆಲಸದಿಂದ ನಿವೃತ್ತರಾದ ವರ್ಷ ಚಿಕ್ಕಬಳ್ಳಾಪುರದ ನಮ್ಮ ಮನೆಗೆ ದೊಡ್ಡದೊಂದು ಫೋಟೋ ಪ್ರಿಂಟರ್ ಬಂತು. ಎರಡಡಿ ಅಗಲದ ಕಾಗದದ ಸುರುಳಿ ನುಂಗುವ ಯಂತ್ರ. ನಮಗೆ ಗೊತ್ತಿದ್ದ ಸ್ಟುಡಿಯೋಗಳಲ್ಲೂ ಅಂಥದ್ದು ಇರಲಿಲ್ಲ. ಬಾಗಿಲಲ್ಲಿ ಹಿಡಿಸದೆ ಬಾಗಿಲನ್ನೇ ಕಳಚಿ ಒಳಗೆ ತಂದರು. ಅಮ್ಮನ ರಾಗಿ ಡ್ರಮ್ಮು ಕೋಣೆ ಬಿಟ್ಟು ನಡುಮನೆಗೆ ಬಂತು.

"ಇದರ ಹೊಟ್ಟೆಗೇನು ಹಾಕ್ಬೇಕಪ್ಪ?" ಎಂದು ಜೋಡಿಸಲು ಬಂದಿದ್ದ ಅಂಗಡಿಯವನನ್ನು ಅಮ್ಮ ಕೇಳಿದಳು.

"ಇಂಕು ಅಮ್ಮ. ವಾರಕ್ಕೊಂದಾದ್ರೂ ಕಲರ್ ಫೋಟೋ ಹೊಡೀತಾ ಇರಿ. ಸುಮ್ನೆ ಬಿಟ್ರೆ ಇಂಕು ಒಳಗೇ ಒಣಗಿ ಕಟ್ಕೊಳ್ಳತ್ತೆ."

ಅಮ್ಮ ಅದನ್ನು ಮರೆಯಲಿಲ್ಲ. ನಾನು ಆಗ ಗೌರಿಬಿದನೂರಿನಲ್ಲಿ ಕೆಲಸದಲ್ಲಿದ್ದೆ. ಶನಿವಾರ ಬಸ್ಸಿಳಿದು ಬಂದರೆ ಗೋಡೆಯ ಮೇಲೆ ಅಪ್ಪ ತೆಗೆದ ಹೊಸದೊಂದು ಫೋಟೋ ಇರುತ್ತಿತ್ತು: ನಂದಿಬೆಟ್ಟದ ಮೋಡ, ದ್ರಾಕ್ಷಿ ಚಪ್ಪರ, ಮುದ್ದೇನಹಳ್ಳಿ ದಾರಿಯ ಹುಣಸೆಮರ. ಮನೆಯಲ್ಲಿ ಮೊಳೆ ಹೊಡೆಯಲು ಜಾಗ ಉಳಿದಿಲ್ಲ ಎಂದು ಅಮ್ಮ ಬೈಯುತ್ತಿದ್ದಳು. ಬಂದವರಿಗೆಲ್ಲ ಅವಳೇ ತೋರಿಸುತ್ತಿದ್ದಳು.

ಮುರುಗಮಲ್ಲದ ಹತ್ತಿರದ ಹಳ್ಳಿಯಲ್ಲಿದ್ದ ಅವಳ ಅಕ್ಕ, ನನ್ನ ದೊಡ್ಡಮ್ಮ, ತೀರಿಕೊಂಡಿದ್ದು ಅದರ ಮರುವರ್ಷ. ತಿಥಿಗೆ ಹೋದಾಗ ಹೂವಿನ ಹಾರದೊಳಗಿದ್ದ ಮುಖ ನಮಗೆ ಗುರುತೇ ಸಿಗಲಿಲ್ಲ. ಓಟಿನ ಕಾರ್ಡಿನ ಬೆರಳುದ್ದದ ಫೋಟೋವನ್ನು ಎಳೆದು ದೊಡ್ಡದು ಮಾಡಿಸಿದ್ದರು. ಮೂಗು ಕರಗಿಹೋಗಿತ್ತು. ಕಣ್ಣುಗಳು ಯಾರ ಮೇಲೋ ಸಿಟ್ಟಾದಂತಿದ್ದವು. ಜೀವಮಾನವೆಲ್ಲ ನಗುತ್ತಿದ್ದ ಹೆಂಗಸು ಅವರು. ಅಮ್ಮ ಮನೆಗೆ ಬಂದವಳೇ ಕೈಕಾಲು ತೊಳೆದು ಅಪ್ಪನ ಮುಂದೆ ನಿಂತಳು.

"ನನ್ನನ್ನ ಹಂಗೆ ತೂಗು ಹಾಕ್ಬೇಡಿ. ಈಗಲೇ ಒಂದು ತೆಗೆದು ದೊಡ್ಡದು ಮಾಡಿ. ಕಾಗದದ ಮೇಲೆ ನಾನೇ ನೋಡಿ, ಒಪ್ಪಿದ್ಮೇಲೆ ಎತ್ತಿಡಿ."

ಅವಳ ಹೃದಯ ಆಗಲೇ ಸೋತಿತ್ತು. ಹೆಚ್ಚು ಕಾಲವಿಲ್ಲವೆಂದು ಬೆಂಗಳೂರಿನ ಡಾಕ್ಟರು ಹೇಳಿದ್ದು ಮೂವರಿಗೂ ಗೊತ್ತಿತ್ತು. ಅಪ್ಪ ಫೋಟೋ ತೆಗೆದರು. ಹಸಿರು ಸೀರೆ, ಕೆಂಪು ಅಂಚು, ಹಣೆಯಲ್ಲಿ ಕಾಸಿನಗಲ ಕುಂಕುಮ. ಕಂಪ್ಯೂಟರಿನ ಪರದೆಯಲ್ಲಿ ನೋಡಿ ಅಮ್ಮ, "ಇದೇ ಇರ್ಲಿ. ಹೊಡೀರಿ" ಎಂದಳು.

ಅಪ್ಪ ಹೊಡೆಯಲಿಲ್ಲ.

"ಬದುಕಿರೋರದು ಒಂಟಿ ಫೋಟೋ ಅಷ್ಟು ದೊಡ್ಡದು ಮಾಡಬಾರದು ಕಣೇ."

ನಾನು ಬೆರಗಾದೆ. ನಮ್ಮ ಕಡೆ ಆ ಮಾತು ಹೊಸದಲ್ಲ. ದೊಡ್ಡದೊಂದು ಒಂಟಿ ಮುಖ ಗೋಡೆಗೆ ಬಂತೆಂದರೆ ಹಾರವೂ ಹಿಂದೆಯೇ ಬರುತ್ತದೆ ಎನ್ನುತ್ತಾರೆ. ಆದರೆ ಅಪ್ಪ ವಿಜ್ಞಾನದ ಮೇಷ್ಟ್ರು. ಗ್ರಹಣದ ದಿನ ಮಕ್ಕಳನ್ನು ಶಾಲೆಯ ಬಯಲಿಗೆ ಕರೆದು ಕಡ್ಲೆಪುರಿ ತಿನ್ನಿಸಿದವರು. ಊರಿಗೆಲ್ಲ ಹೇಳಿದ ಬುದ್ಧಿ ಹೆಂಡತಿಯ ವಿಷಯಕ್ಕೆ ಬಂದಾಗ ಎಲ್ಲಿ ಹೋಯಿತು ಎಂದು ಮುಖಕ್ಕೆ ಹೊಡೆದಂತೆ ಕೇಳಿದೆ. ಅವರು ಎದ್ದು ಕಂಪ್ಯೂಟರು ಆರಿಸಿದರು. ನನಗೆ ಮೈಯೆಲ್ಲ ಉರಿಯಿತು.

ಯಂತ್ರಕ್ಕೆ ಹಳೆಯ ಬೆಡ್‌ಶೀಟು ಹೊದಿಸಿಬಿಟ್ಟರು. ಚಾಲೂ ಮಾಡಿದರೆ ಅಮ್ಮ ಮತ್ತೆ ಕೇಳುತ್ತಾಳೆಂಬ ಭಯ. ಆಮೇಲೆ ಮೋಡವಿಲ್ಲ, ಹುಣಸೆಮರವಿಲ್ಲ. ಅಮ್ಮ ಮಾತ್ರ ಕಾಫಿ ಕೊಡುವಾಗ ಒಮ್ಮೊಮ್ಮೆ, "ಇಂಕು ಒಣಗತ್ತೆ ಕಣ್ರೀ" ಎನ್ನುತ್ತಿದ್ದಳು. ಅಪ್ಪ ಪೇಪರು ಮಗುಚುತ್ತಿದ್ದರು. ಅವಳ ಕಾಲು ಊದಿತು, ಮೆಟ್ಟಿಲು ಹತ್ತುವುದು ನಿಂತಿತು, ಬಳೆ ಮೊಣಕೈಗೆ ಜಾರತೊಡಗಿತು. ಕೊನೆಕೊನೆಗೆ ಆ ಮಾತನ್ನೂ ಬಿಟ್ಟಳು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಚಳಿಗಾಲದಲ್ಲಿ ಅಮ್ಮ ಹೋದಳು.

ತಿಥಿಯ ಹಿಂದಿನ ದಿನ ಅಪ್ಪ ಬೆಡ್‌ಶೀಟು ತೆಗೆದರು. ಕರೆಂಟು ಬರುವವರೆಗೂ ಯಂತ್ರದ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದರು. ಮಧ್ಯಾಹ್ನ ಕರೆಂಟು ಬಂತು. ಯಂತ್ರ ಕೆಮ್ಮಿ, ನರಳಿ, ಸುರುಳಿಯನ್ನು ಎಳೆದುಕೊಂಡಿತು. ಕಾಗದ ಇಂಚಿಂಚಾಗಿ ಹೊರಬಂತು. ಮೊದಲು ಕೂದಲು, ಸರಿಯಾಗಿಯೇ ಇತ್ತು. ಆಮೇಲೆ ಹಣೆ. ಕುಂಕುಮವಿದ್ದ ಕಡೆ ಹಳದಿ ಬೊಟ್ಟು. ಮುಖ ಹಸಿರಿಗೆ ತಿರುಗಿತ್ತು. ಸೀರೆಯ ಕೆಂಪು ಅಂಚೂ ಹಳದಿ. ಹಳದಿಯ ಜೊತೆ ಸೇರಿ ಕೆಂಪು ಹುಟ್ಟಿಸಬೇಕಾದ ಗುಲಾಬಿ ಇಂಕು ಒಂದೇ ಒಂದು ಒಣಗಿ ಕಟ್ಟಿಕೊಂಡಿತ್ತು.

ಅಪ್ಪ ಇಂಕಿನ ದಾರಿ ತೊಳೆಯುವ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರು. ಉಳಿದ ಇಂಕೂ ಅದರಲ್ಲೇ ಖರ್ಚಾಯಿತು. ಅದೇ ಹಳದಿ.

"ಸಿಡೀಲಿ ಹಾಕ್ಕೊಡಿ, ಸ್ಟುಡಿಯೋದಲ್ಲಿ ಮಾಡಿಸ್ಕೊಂಡ್ ಬರ್ತೀನಿ" ಎಂದೆ.

"ಬೇಡಮ್ಮ. ಅವಳು ಕೇಳಿದ್ದು ನನ್ನನ್ನ."

ಅಮ್ಮನ ಕುಂಕುಮದ ಭರಣಿ ತಂದು ಬೆರಳಿಂದ ಆ ಬೊಟ್ಟಿನ ಮೇಲೆ ಇಟ್ಟರು. ನುಣುಪು ಕಾಗದದ ಮೇಲೆ ನಿಲ್ಲದೆ ಅದು ಮೂಗಿನುದ್ದಕ್ಕೂ ಜಾರಿತು. ಒರೆಸಿದರು, ಮತ್ತೆ ಇಟ್ಟರು. ಆಗ ಅತ್ತರು. ನನ್ನ ಕೋಪ ಇಳಿಯಲಿಲ್ಲ, ಆದರೂ ಹೋಗಿ ಅವರ ಬೆನ್ನ ಮೇಲೆ ಕೈಯಿಟ್ಟೆ.

ಮರುದಿನ ನೆಂಟರೆಲ್ಲ ಕೈಮುಗಿದು, "ಪುಣ್ಯವಂತೆ, ಮುತ್ತೈದೆಯಾಗಿ ಹೋದ್ಲು" ಎಂದರು. ಗಂಡನಿಗಿಂತ ಮೊದಲು ಕುಂಕುಮದೊಂದಿಗೆ ಹೋದವಳಿಗೆ ಎಲ್ಲರೂ ಅನ್ನುವ ಮಾತು. ಆ ಮಾತು ಬಂದಾಗಲೆಲ್ಲ ಅಪ್ಪ ಫೋಟೋ ಬಿಟ್ಟು ಬೇರೆಲ್ಲೋ ನೋಡುತ್ತಿದ್ದರು.

ಫೋಟೋಗೆ ಗಾಜು ಹಾಕಿಸಿದ ಮೇಲೆ ಅಪ್ಪ ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು ಗಾಜಿನ ಮೇಲೆ ಕುಂಕುಮ ಇಡತೊಡಗಿದರು. ನೇರವಾಗಿ ಎದುರಿಗೆ ನಿಂತವರಿಗೆ ಅದು ಹಳದಿಯನ್ನು ಪೂರ್ತಿ ಮುಚ್ಚುತ್ತದೆ. ಅಪ್ಪ ಅಲ್ಲೇ ನಿಲ್ಲುತ್ತಾರೆ. ಆದರೆ ನಾನು ಊಟಕ್ಕೆ ಕೂರುವುದು ಪಕ್ಕದಲ್ಲಿ, ರಾಗಿ ಡ್ರಮ್ಮಿನ ಹತ್ತಿರ. ಅಲ್ಲಿಂದ ನೋಡಿದರೆ ಗಾಜಿನ ಮೇಲಿನ ಕುಂಕುಮ ಒಂದು ಕಡೆ, ಅಮ್ಮನ ಹಣೆಯ ಹಳದಿ ಇನ್ನೊಂದು ಕಡೆ, ಎರಡೂ ಕಾಣುತ್ತವೆ. ಅಮ್ಮ ಇದನ್ನು ನೋಡಿದ್ದರೆ ಒಪ್ಪುತ್ತಿರಲಿಲ್ಲ.